ತಿರುಗಿಸಿ ಇಟ್ಟ ರಸಮಟ್ಟ

ಅಂಗಡಿಯವರು ಐದು ರಸಮಟ್ಟಗಳನ್ನು ಕೌಂಟರಿನ ಗಾಜಿನ ಮೇಲೆ ಹರಡಿದರು. ಹಳದಿಯದು, ಕೆಂಪಿನದು, ಫಳಫಳ ಹೊಳೆಯುವ ಅಲ್ಯೂಮಿನಿಯಮ್ಮಿನದು. ನಾನು ಬೆಲೆಯ ಚೀಟಿ ನೋಡುತ್ತಿದ್ದೆ. ಜೊತೆಗೆ ಬಂದಿದ್ದ ನಮ್ಮ ಮೇಸ್ತ್ರಿ ಆ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದನ್ನು ಎತ್ತಿ ಗಾಜಿನ ಮೇಲೆ ಇಟ್ಟರು, ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು ಅದರ ಎರಡೂ ತುದಿಗೆ ಗೀಟು ಹಾಕಿದರು, ಕತ್ತು ಬಗ್ಗಿಸಿ ಗುಳ್ಳೆ ನೋಡಿದರು. ಆಮೇಲೆ ಮಟ್ಟವನ್ನು ತಿರುಗಿಸಿ, ಬಲದ ತುದಿ ಎಡಕ್ಕೆ ಬರುವಂತೆ, ಅದೇ ಗೀಟುಗಳ ನಡುವೆ ಮತ್ತೆ ಇಟ್ಟರು. ಮತ್ತೆ ನೋಡಿದರು. ತಲೆಯಾಡಿಸಿ ಪಕ್ಕಕ್ಕೆ ಸರಿಸಿದರು.

“ಕಂಪನಿ ಮಾಲು ಮೇಸ್ತ್ರಿ, ಅದ್ರಲ್ಲಿ ನೋಡೋದೇನಿದೆ?” ಎಂದರು ಅಂಗಡಿಯವರು.

“ಕಂಪನಿಯವರು ನನ್ನ ಗೋಡೆ ಕಟ್ಟಾಕೆ ಬರಲ್ಲವಲ್ಲ ಯಜಮಾನ್ರೆ.”

ಐದರಲ್ಲಿ ಮೂರು ಪಕ್ಕಕ್ಕೆ ಹೋದವು, ಎರಡು ಉಳಿದವು. ಹೋದ ಮೂರರಲ್ಲಿ ಎಲ್ಲಕ್ಕಿಂತ ದುಬಾರಿಯದೂ ಇತ್ತು.

ಆಗ ನನಗೆ ಒಂದು ಅನುಮಾನ. ಕೌಂಟರೇ ಓರೆಯಾಗಿದ್ದರೆ? ಕೇಳಿಯೇಬಿಟ್ಟೆ. ಮೇಸ್ತ್ರಿ ನಕ್ಕರು. ಕೌಂಟರು ಓರೆ ಇರಲಿ ಬಿಡಿ ಸಾರ್, ಗುಳ್ಳೆ ಗೋಡೆಯ ಕಡೆಗೆ ಒಂದು ಗೆರೆ ಸರಿದಿದ್ದರೆ, ತಿರುಗಿಸಿಟ್ಟ ಮೇಲೂ ಗೋಡೆಯ ಕಡೆಗೇ ಒಂದು ಗೆರೆ ಸರಿದಿರಬೇಕು, ಮಟ್ಟದ ಜೊತೆ ತಾನೂ ತಿರುಗಿ ರಸ್ತೆಯ ಕಡೆ ಹೋದರೆ ಓರೆ ಇರುವುದು ಕೌಂಟರಿನಲ್ಲಲ್ಲ, ಮಟ್ಟದಲ್ಲಿ ಎಂದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ತರಗತಿಯನ್ನೇ ತೆಗೆದುಕೊಳ್ಳುವ ಪಾಠ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ನಿಮಿಷಕ್ಕೆ ಮುಗಿಯಿತು.

ಈ ಪಾಠ ನನಗೆ ಹತ್ತು ವರ್ಷ ಮೊದಲೇ ಸಿಗಬೇಕಿತ್ತು. ಆಗ ಕಟ್ಟಿಸಿದ ಮನೆಯ ಸ್ನಾನದ ಕೋಣೆಯಲ್ಲಿ ನೀರು ಮೋರಿಯ ಕಡೆ ಹೋಗದೆ ಬಾಗಿಲ ಕಡೆ ಬರುತ್ತದೆ. ಟೈಲ್ಸ್ ಹಾಕಿದವರು ಅಳೆಯದೆ ಹಾಕಿದವರೇನಲ್ಲ, ಪ್ರತಿ ಸಾಲಿಗೂ ಹೊಸ ಮಟ್ಟ ಇಟ್ಟು ನೋಡಿದ್ದನ್ನು ನಾನೇ ಕಂಡಿದ್ದೇನೆ. ಆ ಮಟ್ಟವನ್ನು ಅವರು ನಮ್ಮಲ್ಲೇ ಮರೆತು ಹೋಗಿದ್ದರು. ಕೊನೆಗೊಂದು ದಿನ ಸಮನಾದ ಕಡಪ ಕಲ್ಲಿನ ಮೇಲೆ ಇಟ್ಟು ನೋಡಿದರೆ, ಒಂದು ತುದಿಯ ಕೆಳಗೆ ನಾಲ್ಕು ನಾಣ್ಯ ಪೇರಿಸಿದ ಮೇಲೆಯೇ ಗುಳ್ಳೆ ನಡುವೆ ಬಂದದ್ದು. ಎರಡು ಅಡಿಯ ಮಟ್ಟದಲ್ಲಿ ಬರೀ ಎರಡು ಮಿಲಿಮೀಟರ್ ಸುಳ್ಳಿದ್ದರೂ ಇಪ್ಪತ್ತು ಅಡಿಯ ಗೋಡೆ ಮುಗಿಯುವಷ್ಟರಲ್ಲಿ ಅದು ಎರಡು ಸೆಂಟಿಮೀಟರ್ ಆಗಿರುತ್ತದೆ. ಕೆಟ್ಟುಹೋದ ಕರಣೆ, ಹಿಡಿ ಸಡಿಲವಾದ ಸುತ್ತಿಗೆ ಕೆಲಸದ ಹೊತ್ತಿನಲ್ಲೇ ಗೊತ್ತಾಗುತ್ತವೆ. ಅಳೆಯುವ ಸಾಮಾನು ಕೆಟ್ಟರೆ ಸದ್ದೇ ಇಲ್ಲ.

ಟೇಪನ್ನೇ ನೋಡಿ. ಜೇಬಿನ ಸ್ಟೀಲ್ ಟೇಪಿನ ತುದಿಯ ಕೊಕ್ಕೆ ಲೊಡಲೊಡ ಎನ್ನುತ್ತದೆ. ಕಳಪೆ ಮಾಲು ಎಂದು ಅದನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಬಿಗಿ ಮಾಡುವವರನ್ನು ನಾನು ನೋಡಿದ್ದೇನೆ. ಪಾಪ, ಅದು ಅಲ್ಲಾಡಬೇಕೆಂದೇ ಮಾಡಿಟ್ಟದ್ದು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ತನ್ನ ದಪ್ಪದಷ್ಟೇ ಹೊರಗೆ ಬರುತ್ತದೆ, ಗೋಡೆಗೆ ಒತ್ತಿದಾಗ ಅಷ್ಟೇ ಒಳಗೆ ಹೋಗುತ್ತದೆ. ಹೀಗಾಗಿ ಎರಡೂ ಕಡೆ ಅಳತೆ ಸರಿ ಬರುತ್ತದೆ. ಕುಟ್ಟಿ ಬಿಗಿ ಮಾಡಿದ ಟೇಪು ಒಂದು ಕಡೆಯಾದರೂ ತಪ್ಪು ಹೇಳಿಯೇ ಹೇಳುತ್ತದೆ. ಕಿಟಕಿ ಮಾಡುವವರ ಟೇಪು ಒಂದು, ಗಾರೆಯವರ ಟೇಪು ಇನ್ನೊಂದು, ಕೊನೆಗೆ ಚೌಕಟ್ಟು ಸಂದಿಗೆ ಕೂರದಿದ್ದಾಗ ಇಬ್ಬರೂ ತಮ್ಮ ತಮ್ಮ ಟೇಪಿನ ಮೇಲೆ ಆಣೆ ಇಡುತ್ತಾರೆ. ಪಾಯ ತೋಡುವ ಮೊದಲೇ ಎಲ್ಲರ ಟೇಪುಗಳನ್ನೂ ಒಂದರ ಪಕ್ಕ ಒಂದು ಎಳೆದು ನೋಡಿದರೆ ಈ ಜಗಳಕ್ಕೆ ಜಾಗವೇ ಇರುವುದಿಲ್ಲ.

ಬಿಸಿಲಿನ ಲೆಕ್ಕ ಬೇರೆ. ಉಕ್ಕಿನ ಟೇಪುಗಳ ಅಳತೆ ಸಾಮಾನ್ಯವಾಗಿ 20 ಡಿಗ್ರಿ ಶಾಖಕ್ಕೆ ಹೊಂದಿಸಿದ್ದು. ರಾಯಚೂರಿನ ಬೇಸಿಗೆ ಮಧ್ಯಾಹ್ನ ಟೇಪು 40 ಡಿಗ್ರಿಗೆ ಕಾದರೆ 30 ಮೀಟರಿಗೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಮನೆಯ ಪಾಯಕ್ಕೆ ಇದು ದೊಡ್ಡದಲ್ಲ. ಸೇತುವೆಗೆ, ಕಾರ್ಖಾನೆಯ ಕಬ್ಬಿಣದ ಚಾವಣಿಗೆ ದೊಡ್ಡದೇ. ಬಟ್ಟೆಯ ಟೇಪು ತಂಪಿನಲ್ಲೂ ಹಿಗ್ಗುತ್ತದೆ, ಎಳೆದಷ್ಟೂ ಉದ್ದ. ಅದನ್ನು ದರ್ಜಿಗಳಿಗೆ ಬಿಟ್ಟುಬಿಡುವುದು ಒಳ್ಳೆಯದು.

ಈ ಬಿಸಿಲಿನ ಚಿಂತೆ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸರ್ವೇಯರ್ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಮಿಕ್ಕಿದ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆದ. ನೂರು ಅಡಿಯ ಉಕ್ಕಿನ ಸರಪಳಿ, ಎರಡೂವರೆ ಅಡಿಯ ನಲವತ್ತು ಕೊಂಡಿ. ಚೀನಾ ಚಕ್ರವರ್ತಿಗೆಂದು ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು, ಕಲ್ಕತ್ತೆಯಲ್ಲಿ ಇವನ ಕೈಗೆ ಬಂದ ಸರಪಳಿಯಂತೆ ಅದು. ಮುಂದೆ ಮದ್ರಾಸಿನಲ್ಲಿ ಅಳೆಯುವಾಗ ಅವನ ಬಳಿ ಇಂಥ ಎರಡು ಸರಪಳಿಗಳಿದ್ದವು. ಒಂದು ಕೆಲಸಕ್ಕೆ, ಇನ್ನೊಂದು ಕೆಲಸದ ಸರಪಳಿ ಹಿಗ್ಗಿದೆಯೇ ಎಂದು ಹೋಲಿಸುವುದಕ್ಕೆ. ಸರಪಳಿಗೆ ಬಿಸಿಲು ತಾಗದಂತೆ ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಡುತ್ತಿದ್ದರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಅಳೆದರು. ಮದ್ರಾಸಿನಿಂದ ತ್ರಿಕೋನ ಹೆಣೆಯುತ್ತ ಬಂದ ಲೆಕ್ಕಕ್ಕೂ ನೆಲದ ಮೇಲಿನ ಈ ಅಳತೆಗೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲವೂ ಇರಲಿಲ್ಲ. 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಕೋನ ಅಳೆಯುವ ಅವನ ಅರ್ಧ ಟನ್ನಿನ ಥಿಯೋಡಲೈಟ್ ಗೋಡೆಗೆ ಬಡಿದು ಸೊಟ್ಟಗಾಯಿತು. ಮನುಷ್ಯ ಡೇರೆಯೊಳಗೆ ಕೂತು ಆರು ವಾರ ಅದನ್ನು ತಿದ್ದಿದ. ಒಳಗಿನ ತಿರುಪು ತಿರುಪೂ ಗೊತ್ತಿದ್ದ ಉಪಕರಣವಾದ್ದರಿಂದ ಅದು ಸಾಧ್ಯವಾಯಿತು.

ನಮ್ಮ ರೈತರ ಜಮೀನು ಅಳೆದದ್ದೂ ಸರಪಳಿಯೇ. ಹಳೆಯ ಸರ್ವೆ ಟಿಪ್ಪಣಿಗಳಲ್ಲಿ ಚೈನು, ಆಣೆಯ ಲೆಕ್ಕವಿದೆ. 33 ಅಡಿಗೆ ಒಂದು ಚೈನು, ಚೈನಿಗೆ 16 ಆಣೆ. ಉದ್ದಕ್ಕೊಂದು ಚೈನು, ಅಗಲಕ್ಕೊಂದು ಚೈನು ಆದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಎಳೆದೆಳೆದು ಕೊಂಡಿಗಳ ಸಂದು ಸವೆದು ಸರಪಳಿ ಉದ್ದವಾದರೆ ಕಾಗದದ ಮೇಲೆ ಜಮೀನು ಕಿರಿದಾಗುತ್ತದೆ. ಎರಡೇ ಅಂಗುಲ ಹಿಗ್ಗಿದ ಸರಪಳಿಯಲ್ಲಿ ಅಳೆದರೆ ಎಕರೆಗೆ ಸುಮಾರು 435 ಚದರ ಅಡಿ ಲೆಕ್ಕದಿಂದಲೇ ಮಾಯ. ಎರಡು ದೊಡ್ಡ ಕೋಣೆಯ ಜಾಗ. ಬದುವಿನ ವ್ಯಾಜ್ಯಗಳಿಗೆಲ್ಲ ಪಕ್ಕದ ಹೊಲದವನ ದುರಾಸೆಯೇ ಕಾರಣ ಎಂದುಕೊಳ್ಳುವ ಮೊದಲು ಇದನ್ನೂ ನೆನೆಯಬಹುದು.

ಈಗ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್, ಉಪಗ್ರಹದ ಸಂಕೇತ ಹಿಡಿದು ಜಾಗ ಹೇಳುವ ರೋವರ್‌ಗಳ ಕಾಲ. ಲಕ್ಷಗಳ ಮಾತು. ಹೊಸದಾಗಿ ಸರ್ವೆ ಕೆಲಸಕ್ಕೆ ಇಳಿದ ಹುಡುಗರು ಕೋನವನ್ನು ಒಂದು ಸೆಕೆಂಡಿನಷ್ಟು ನಿಖರವಾಗಿ ಅಳೆಯುವ ಟೋಟಲ್ ಸ್ಟೇಷನ್ ಬೇಕೋ ಐದು ಸೆಕೆಂಡಿನದು ಸಾಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಐದು ಸೆಕೆಂಡಿನ ಕೋನದೋಷ ನೂರು ಮೀಟರ್ ದೂರದಲ್ಲಿ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಬಡಾವಣೆಯ ಸೈಟು ಗುರುತಿಸುವುದಕ್ಕೆ ಅಷ್ಟು ಸಾಕು. ಉಳಿದ ಹಣದಲ್ಲಿ ಗಟ್ಟಿ ಮುಕ್ಕಾಲಿ ಕೊಳ್ಳಿ. ಯಂತ್ರ ಎಷ್ಟೇ ನಿಖರವಾಗಿರಲಿ, ಅಲ್ಲಾಡುವ ಮುಕ್ಕಾಲಿಯ ಮೇಲೆ ಕೂತರೆ ಮುಗಿಯಿತು. ಮಾರುವವರನ್ನು ಕೇಳಬೇಕಾದ್ದು ಬೇರೆ ಇದೆ. ಕೆಟ್ಟರೆ ಎಲ್ಲಿಗೆ ಕಳಿಸುತ್ತೀರಿ, ಎಷ್ಟು ದಿನಕ್ಕೆ ಬರುತ್ತದೆ, ಆ ದಿನಗಳಿಗೆ ಬದಲಿ ಕೊಡುತ್ತೀರಾ, ಪರೀಕ್ಷೆಯ ಪ್ರಮಾಣಪತ್ರದ ಮೇಲೆ ಇದೇ ಯಂತ್ರದ ನಂಬರು ಇದೆಯೇ.

ದೂರದ ಎತ್ತರಗಳನ್ನು ದುರ್ಬೀನಿನಲ್ಲಿ ನೋಡಿ ಹೋಲಿಸುವ ಆಟೋ ಲೆವೆಲ್ ಇಟ್ಟುಕೊಂಡವರು ಪ್ರಮಾಣಪತ್ರಕ್ಕೂ ಕಾಯಬೇಕಿಲ್ಲ. ಅರವತ್ತು ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಸರಿಯಾಗಿ ನಡುವೆ ನಿಂತು ಎರಡರ ಎತ್ತರದ ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಒಂದು ಗೂಟದ ಹತ್ತಿರಕ್ಕೆ ಹೋಗಿ ಮತ್ತೆ ಓದಿ. ನಡುವೆ ನಿಂತಾಗ ಯಂತ್ರದ ದೋಷ ಎರಡು ಕಡೆಗೂ ಸಮನಾಗಿ ಬಿದ್ದು ಕಳೆದುಹೋಗಿರುತ್ತದೆ, ಹತ್ತಿರ ಹೋದಾಗ ಬಯಲಾಗುತ್ತದೆ. ನಮ್ಮ ಮೇಸ್ತ್ರಿ ಕೌಂಟರಿನ ಮೇಲೆ ಮಾಡಿದ್ದಕ್ಕೆ ಇದು ದೊಡ್ಡಣ್ಣ, ಅಷ್ಟೇ.

ಅಂದಹಾಗೆ, ಮೇಸ್ತ್ರಿಯ ಚೀಲದಲ್ಲಿ ಎಂದೂ ಬದಲಾಗದ ಎರಡು ಸಾಮಾನುಗಳಿವೆ: ಹಿತ್ತಾಳೆಯ ತೂಗುಗುಂಡು ಮತ್ತು ನೀರು ತುಂಬುವ ಪಾರದರ್ಶಕ ಪೈಪು. ಪೈಪಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿಲ್ಲ, ಅರ್ಧ ಪೈಪು ಬಿಸಿಲಿನಲ್ಲಿ ಅರ್ಧ ನೆರಳಿನಲ್ಲಿ ಇಲ್ಲ ಎಂದು ನೋಡಿಕೊಂಡರೆ ಸಾಕು, ಮನೆಯ ನಾಲ್ಕು ಮೂಲೆಗೂ ಅದು ಒಂದೇ ಮಟ್ಟ ಹೇಳುತ್ತದೆ.

ಉಳಿದ ಎರಡು ರಸಮಟ್ಟಗಳಲ್ಲಿ ಅವರು ಕಡಿಮೆ ಬೆಲೆಯದನ್ನೇ ಆರಿಸಿದರು. ನಿಮ್ಮಲ್ಲೂ ಮನೆ ಕೆಲಸ ನಡೆಯುತ್ತಿದ್ದರೆ ನಾಳೆ ಬೆಳಿಗ್ಗೆ ಗಾರೆಯವರ ಮಟ್ಟವನ್ನು ಒಮ್ಮೆ ತಿರುಗಿಸಿಟ್ಟು ನೋಡಿ. ಅವರಿಗೆ ಬೇಸರವಾದರೆ ಒಂದು ಟೀ ಕುಡಿಸಿ.