ಒಂದು ಮೊಳ ಎತ್ತರದ ಆಸೆ



ಚಿಂತೆ ಮಾಡಿ ತನ್ನ ಎತ್ತರಕ್ಕೆ ಒಂದು ಮೊಳ ಕೂಡಿಸಿಕೊಳ್ಳಬಲ್ಲವರು ಯಾರಿದ್ದಾರೆ ಎಂಬರ್ಥದ ಪ್ರಶ್ನೆಯನ್ನು ಪ್ರಭು ಯೇಸು ಜನರ ಮುಂದಿಟ್ಟರು. ಆ ಮಾತನ್ನು ಆಯುಷ್ಯಕ್ಕೆ ಅನ್ವಯಿಸಿ ಓದುವ ಪಂಡಿತರೂ ಇದ್ದಾರೆ. ಹೇಗೆ ಓದಿದರೂ ಅಂದಿನ ಶ್ರೋತೃಗಳಿಗೆ ಉತ್ತರ ಒಂದೇ: ಯಾರಿಂದಲೂ ಆಗದು. ಇಂದು ಹಾಗೆ ಹೇಳುವಂತಿಲ್ಲ. ಮೊಳವಲ್ಲದಿದ್ದರೂ ಎರಡು ಮೂರು ಅಂಗುಲ ಕೂಡಿಸಿಕೊಡುವ ಶಸ್ತ್ರಚಿಕಿತ್ಸೆ ನಮ್ಮ ದೇಶದಲ್ಲೂ ನಡೆಯುತ್ತಿದೆ. ಅದನ್ನು ಬಯಸುವವರು ಎಳೆಯ ಹುಡುಗರು ಮಾತ್ರವಲ್ಲ. ನಲವತ್ತು, ನಲವತ್ತೈದು ದಾಟಿದ, ಮನೆ ಮಕ್ಕಳಿರುವ ಗೃಹಸ್ಥರೂ ವೈದ್ಯರ ಬಾಗಿಲು ತಟ್ಟುತ್ತಾರೆ. ಇಂಥ ಯೋಚನೆ ನಿಮ್ಮ ಮನಸ್ಸಿನಲ್ಲೂ ಗುಟ್ಟಾಗಿ ಇರಬಹುದು. ಇದ್ದರೆ ಈ ಬರಹ ನಿಮಗಾಗಿಯೇ.

ಮೊದಲು ಚಿಕಿತ್ಸೆ ಎಂಥದೆಂದು ತಿಳಿಯೋಣ. ಮೊಣಕಾಲಿನ ಕೆಳಗಿನ ಮೂಳೆಯನ್ನೋ ತೊಡೆಯ ಮೂಳೆಯನ್ನೋ ವೈದ್ಯರು ಕತ್ತರಿಸುತ್ತಾರೆ. ಸುಮಾರು ಒಂದು ವಾರ ಹಾಗೆಯೇ ಬಿಟ್ಟು, ಬಳಿಕ ತುಂಡಾದ ಎರಡು ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಷ್ಟು ದೂರ ಸರಿಸುತ್ತಾ ಹೋಗುತ್ತಾರೆ. ನಡುವಿನ ಅಂತರದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಸೈಬೀರಿಯಾದ ಕುರ್ಗಾನ್ ಪಟ್ಟಣದ ವೈದ್ಯ ಗವ್ರೀಲ್ ಇಲಿಜಾರೋವ್ ಈ ವಿಧಾನವನ್ನು ರೂಪಿಸಿದರು. ಮೂಳೆ ಮುರಿದು ಕೂಡಿಕೊಳ್ಳದೆ ವರ್ಷಗಟ್ಟಲೆ ನರಳುತ್ತಿದ್ದವರಿಗೆ, ಒಂದು ಕಾಲು ಗಿಡ್ಡವಾಗಿ ಕುಂಟುತ್ತಿದ್ದವರಿಗೆ ಅವರ ಉಂಗುರ ಮತ್ತು ತಂತಿಗಳ ಚೌಕಟ್ಟು ವರವಾಯಿತು. 1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದು, ಮರುವರ್ಷವೇ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಜಜ್ಜಿಸಿಕೊಂಡ ವಲೇರಿ ಬ್ರೂಮೆಲ್ ಗುಣ ಕಂಡದ್ದು ಇವರ ಕೈಯಲ್ಲೇ. ಈಗ ಚೌಕಟ್ಟಿನ ಬದಲು ಮೂಳೆಯೊಳಗೇ ಕೂರಿಸಿ ಹೊರಗಿನಿಂದ ಅಯಸ್ಕಾಂತದ ಮೂಲಕ ಉದ್ದ ಮಾಡುವ ಸರಳುಗಳೂ ಬಂದಿವೆ.

ಬಾಲ್ಯದ ಪೋಲಿಯೋದಿಂದ ಕಾಲು ಗಿಡ್ಡವಾದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಒಬ್ಬರು ಐವತ್ತರಲ್ಲಿ ಇಂಥ ಚಿಕಿತ್ಸೆ ಪಡೆದರೆ ಅದು ರೋಗಪರಿಹಾರ. ಹದಿನೆಂಟು ವರ್ಷ ಬೆನ್ನು ಬಾಗಿದ್ದ ಮಹಿಳೆಯನ್ನು ಯೇಸು ನೆಟ್ಟಗೆ ನಿಲ್ಲಿಸಿದರಲ್ಲವೇ? ಅದೇ ಯೇಸು ಕುಳ್ಳನಾದ ಜಕ್ಕಾಯನನ್ನು ಮರದಿಂದ ಇಳಿಸಿ ಅವನ ಮನೆಗೆ ಊಟಕ್ಕೆ ಹೋದರೇ ಹೊರತು ಅವನ ಎತ್ತರದ ಗೊಡವೆಗೆ ಹೋಗಲಿಲ್ಲ. ನಾನಿಲ್ಲಿ ಹೇಳುತ್ತಿರುವುದು ಎರಡು ಕಾಲೂ ಸರಿಯಿದ್ದು, ಎತ್ತರ ಸಾಲದೆಂದು ಅವನ್ನು ಕತ್ತರಿಸಿಕೊಳ್ಳುವವರ ವಿಷಯ.

ಇದು ಪಾಪವೇ? ಪ್ರಶ್ನೆ ನೇರವಾಗಿರುವುದರಿಂದ ಉತ್ತರವೂ ನೇರವಾಗಿರಲಿ. ಜಗದ್ಗುರು ಹನ್ನೆರಡನೇ ಪಯಸ್‌ರವರು 1958ರ ಅಕ್ಟೋಬರ್ 4ರಂದು, ತಮ್ಮ ಮರಣಕ್ಕೆ ಐದು ದಿನ ಮುಂಚೆ, ಇಟಲಿಯ ಪ್ಲಾಸ್ಟಿಕ್ ಸರ್ಜರಿ ವೈದ್ಯರನ್ನುದ್ದೇಶಿಸಿ ಮಾತನಾಡಿದರು. ದೇಹದ ಚೆಲುವು ಒಳ್ಳೆಯದೇ, ಆದರೆ ಅದಕ್ಕಿಂತ ಮೇಲಾದ ಒಳಿತುಗಳಿಗೆ ಅದು ಅಧೀನ ಎಂಬುದು ಅವರ ಬೋಧೆ. ಉದ್ದೇಶ ನೇರವಾಗಿರಬೇಕು, ದೇಹಕ್ಕೆ ದೊಡ್ಡ ಅಪಾಯವಿರಬಾರದು, ತೆಗೆದುಕೊಳ್ಳುವ ಕ್ರಮದ ತೂಕಕ್ಕೆ ತಕ್ಕ ಕಾರಣವಿರಬೇಕು. ಹಾಗಿದ್ದರೆ ಇಂಥ ಚಿಕಿತ್ಸೆ ತಪ್ಪಲ್ಲ. ಬರೀ ಜಂಬಕ್ಕೋ ಫ್ಯಾಶನ್ನಿಗೋ ಆದರೆ, ಅಥವಾ ಅಂಗಾಂಗಗಳ ಸಹಜ ಕೆಲಸಕ್ಕೆ ಕುಂದು ತರುವಂತಿದ್ದರೆ ತಪ್ಪು. ಅಂದರೆ ಧರ್ಮಸಭೆ ಬಾಗಿಲಿಗೆ ಬೀಗ ಹಾಕಿಲ್ಲ, ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟಿದೆ.

ತಕ್ಕಡಿಯ ಒಂದು ತಟ್ಟೆಯಲ್ಲಿ ನೋವಿದೆ. ಅದನ್ನು ಹಗುರವೆಂದು ಯಾರೂ ತಳ್ಳಿಹಾಕಬಾರದು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಹತ್ತು ವರ್ಷವೂ ಮುಂದೆಯೇ ನಿಂತವನಿಗೆ, ಹೆಸರಿಗೆ ಬದಲು 'ಕುಳ್ಳ' ಎಂದೇ ಕರೆಸಿಕೊಂಡವನಿಗೆ ಆ ನೋವು ಗೊತ್ತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಸಮಾಧಾನ ಹೇಳುವವರು ಸಾಮಾನ್ಯವಾಗಿ ಎತ್ತರದವರೇ. ನಮ್ಮ ಕ್ರೈಸ್ತ ವಧೂವರರ ಜಾಹೀರಾತುಗಳಲ್ಲಿ ಹುಡುಗನ ಎತ್ತರ ಅವನ ವಿಶ್ವಾಸಕ್ಕಿಂತ ಮೊದಲು ಅಚ್ಚಾಗುತ್ತದೆ. ಹೀಗೆ ಅಳೆದವರು ನಾವೇ. ಅಳತೆಗೆ ಹೆದರಿ ಆಸ್ಪತ್ರೆಗೆ ಹೋದವನನ್ನು ಜಂಬಗಾರ ಎನ್ನುವವರೂ ನಾವೇ.

ನಡುವಯಸ್ಸಿನ ವಿಚಿತ್ರವೆಂದರೆ, ಹದಿನೈದರಲ್ಲಿ ಆದ ಗಾಯಕ್ಕೆ ನಲವತ್ತೈದರಲ್ಲಿ ದುಡ್ಡು ಒದಗುತ್ತದೆ. ಅಂದು ಕೈಯಲ್ಲಿ ಕಾಸಿರಲಿಲ್ಲ, ಇಂದು ಪ್ರಾವಿಡೆಂಟ್ ಫಂಡ್ ಇದೆ. ಆದರೆ ಅಂದು ನಕ್ಕವರು ಈಗ ಎಲ್ಲಿದ್ದಾರೆ? ಅವರಲ್ಲಿ ಕೆಲವರಿಗೆ ತಲೆ ಬೋಳಾಗಿದೆ, ಕೆಲವರು ತೀರಿಯೇ ಹೋಗಿದ್ದಾರೆ. ಹೊಸ ಎತ್ತರವನ್ನು ಯಾರಿಗೆ ತೋರಿಸಬೇಕಿತ್ತೋ ಅವರು ನೋಡಲು ಬರುವುದಿಲ್ಲ.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದ ಒಬ್ಬ ಸಂತರಿದ್ದಾರೆ. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್. 1521ರ ಮೇ ತಿಂಗಳಿನಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಮನೆಗೆ ತಂದ ಮೇಲೆ, ಮೂಳೆ ಸರಿಯಾಗಿ ಕೂತಿಲ್ಲವೆಂದು ಮತ್ತೊಮ್ಮೆ ಮುರಿದು ಕೂಡಿಸಿದರು. ಸ್ಥಿತಿ ವಿಷಮಿಸಿ ಕೊನೆಯ ಸಂಸ್ಕಾರಗಳನ್ನೂ ಕೊಟ್ಟಾಯಿತು. ಹೇಗೋ ಬದುಕಿದರು. ಆಗ ನೋಡಿಕೊಂಡರೆ ಮೊಣಕಾಲಿನ ಕೆಳಗೆ ಮೂಳೆಯೊಂದು ಅಸಹ್ಯವಾಗಿ ಉಬ್ಬಿತ್ತು, ಆ ಕಾಲು ಗಿಡ್ಡವೂ ಆಗಿತ್ತು. ಆಸ್ಥಾನದಲ್ಲಿ ಬಿಗಿಯಾದ ಬೂಟು ತೊಟ್ಟು ಮೆರೆಯಬೇಕೆಂದಿದ್ದ ಯೋಧನಿಗೆ ಇದು ಸಹಿಸದಾಯಿತು. ಉಬ್ಬನ್ನು ಕತ್ತರಿಸಿ ಎಂದರು. ಈವರೆಗಿನ ಎಲ್ಲ ನೋವಿಗಿಂತ ಇದು ಹೆಚ್ಚು ಎಂದು ವೈದ್ಯರು ಎಚ್ಚರಿಸಿದರು, ಅಣ್ಣ ಗಾಬರಿಯಾದ. ಅರಿವಳಿಕೆ ಇಲ್ಲದ ಕಾಲ. ಆದರೂ ಹಠ ಬಿಡದೆ ಕತ್ತರಿಸಿಕೊಂಡರು. ಬಳಿಕ ಕಾಲು ಉದ್ದವಾಗಲೆಂದು ಉಪಕರಣಗಳಿಂದ ದಿನಗಟ್ಟಲೆ ಎಳೆಸಿಕೊಂಡು ನರಳಿದರು. ಇಷ್ಟಾದರೂ ಅವರ ನಡಿಗೆಯಲ್ಲಿ ಕೊಂಚ ಕುಂಟು ಜೀವನಪರ್ಯಂತ ಉಳಿಯಿತು.

ಇದನ್ನು ಬೇರೆ ಯಾರೋ ಬಯಲು ಮಾಡಿದ್ದಲ್ಲ. ತಮ್ಮ ಕೊನೆಯ ವರ್ಷಗಳಲ್ಲಿ ಹೇಳಿ ಬರೆಸಿದ ಆತ್ಮಕಥನದಲ್ಲಿ ಇಗ್ನೇಷಿಯಸ್‌ರವರೇ ಮರೆಮಾಚದೆ ತಿಳಿಸಿದ್ದಾರೆ. ಹಾಸಿಗೆ ಹಿಡಿದಿದ್ದಾಗ ಓದಲು ವೀರಯೋಧರ ಕಥೆಗಳನ್ನು ಕೇಳಿದರು. ಮನೆಯಲ್ಲಿ ಅವು ಇರಲಿಲ್ಲ, ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ ಸಿಕ್ಕವು. ಓದುತ್ತಾ ಓದುತ್ತಾ ಒಂದು ವ್ಯತ್ಯಾಸವನ್ನು ಗಮನಿಸಿದರು. ಆಸ್ಥಾನದಲ್ಲಿ ಮೆರೆಯುವ ಕನಸು ಕಾಣುವಷ್ಟು ಹೊತ್ತು ಸಿಹಿ, ಮುಗಿದ ಮೇಲೆ ಮನಸ್ಸು ಬರಡು. ಸಂತರಂತೆ ಬಾಳುವ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ನೀವೂ ಇದನ್ನು ಮಾಡಿ ನೋಡಿ. ಮೂರು ಅಂಗುಲ ಎತ್ತರವಾಗಿ ಕಚೇರಿಗೆ ಹೋದಂತೆ, ನೆಂಟರ ಮದುವೆಗೆ ಹೋದಂತೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಆ ಚಿತ್ರ ಮಾಸಿದ ಮೇಲೆ, ರಾತ್ರಿ ದೀಪ ಆರಿಸಿದ ಮೇಲೆ ಏನು ಉಳಿಯುತ್ತದೆ? ಮುಂದೆ ಇಗ್ನೇಷಿಯಸ್‌ರವರು ತಮ್ಮ ಅಧ್ಯಾತ್ಮ ಸಾಧನೆಗಳ ಪುಸ್ತಕದಲ್ಲಿ ಇನ್ನೂ ಕೆಲವು ಉಪಾಯಗಳನ್ನು ಕೊಟ್ಟರು. ನಿಮಗೆ ಪರಿಚಯವೇ ಇಲ್ಲದ, ಆದರೆ ನೀವು ಒಳಿತನ್ನೇ ಬಯಸುವ ಒಬ್ಬ ವ್ಯಕ್ತಿ ಇದೇ ಸ್ಥಿತಿಯಲ್ಲಿದ್ದು ಸಲಹೆ ಕೇಳಿದರೆ ಏನೆನ್ನುವಿರಿ? ಮರಣಶಯ್ಯೆಯಲ್ಲಿ ಮಲಗಿದಾಗ ಯಾವ ನಿರ್ಧಾರ ಮಾಡಿದ್ದರೆ ಒಳ್ಳೆಯದಿತ್ತು ಎನ್ನಿಸೀತು? ಮನಸ್ಸು ಕುಗ್ಗಿ ಕತ್ತಲೆಯಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂದೂ ಅವರು ಹೇಳುತ್ತಾರೆ. ಯಾರದೋ ಮನೆಯ ಸಮಾರಂಭದಲ್ಲಿ ಅವಮಾನವಾಗಿ ಬಂದ ಮರುದಿನ ಆಸ್ಪತ್ರೆಗೆ ಫೋನ್ ಮಾಡಬಾರದು.

ಇನ್ನೊಂದು ತಟ್ಟೆಗೆ ಬರೋಣ. ಅಲ್ಲಿ ನೀವು ಒಬ್ಬರೇ ಇಲ್ಲ. ಗಂಡನ ದೇಹದ ಮೇಲೆ ಹೆಂಡತಿಗೂ ಹೆಂಡತಿಯ ದೇಹದ ಮೇಲೆ ಗಂಡನಿಗೂ ಅಧಿಕಾರವಿದೆ ಎಂಬ ಅರ್ಥದಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದರು. ಅಲ್ಲಿನ ಸಂದರ್ಭ ದಾಂಪತ್ಯದ ಒಡನಾಟದ್ದು, ನಿಜ. ಆದರೆ ಎರಡು ಕಾಲೂ ಮುರಿಸಿಕೊಂಡು ಮಲಗುವ ಮುನ್ನ ಈ ಮಾತನ್ನು ನೆನೆಯುವುದು ಅತಿಯಲ್ಲ. ಐದು ಸೆಂಟಿಮೀಟರ್, ಅಂದರೆ ಎರಡು ಅಂಗುಲ ಉದ್ದವಾಗಲು ಐವತ್ತು ದಿನ. ಹೊಸ ಮೂಳೆ ಗಟ್ಟಿಯಾಗಲು ಇನ್ನೂ ಹಲವು ತಿಂಗಳು. ಅಷ್ಟು ಕಾಲ ಬೆಡ್‌ಪ್ಯಾನ್ ಹಿಡಿಯುವವರು ಯಾರು? ಚೌಕಟ್ಟಿನ ತಂತಿ ಚರ್ಮದೊಳಗೆ ಹೊಕ್ಕ ಜಾಗವನ್ನು ದಿನವೂ ಶುಚಿ ಮಾಡಿ ಕೀವಾಗದಂತೆ ನೋಡುವವರು ಯಾರು? ನೋವಿನಿಂದ ನೀವು ರೇಗಿದಾಗ ಬೈಗುಳ ಕೇಳಿಸಿಕೊಳ್ಳುವವರು ಯಾರು? ಮಗಳ ಕಾಲೇಜು ಫೀಜು, ಮುದಿ ತಾಯಿಯ ಔಷಧ, ವಾಕರ್ ಹಿಡಿದು ನಡೆಯುವ ಮನೆಯ ಯಜಮಾನ, ಎಲ್ಲವೂ ಒಂದೇ ವರ್ಷದಲ್ಲಿ ಒಬ್ಬಾಕೆಯ ಹೆಗಲಿಗೆ ಬೀಳುತ್ತವೆ. ಆಕೆ ಇಲ್ಲವೆಂದರೆ ಅದನ್ನು ಅಡ್ಡಿಯೆಂದು ತಿಳಿಯಬೇಡಿ, ನಿಮ್ಮ ಕಾಲಿನ ಬಗ್ಗೆ ಮಾತಾಡುವ ಹಕ್ಕು ಆಕೆಗಿದೆ.

ಗುಟ್ಟಾಗಿ ಮಾಡಿಸಿಕೊಳ್ಳುವ ವಿಚಾರವಂತೂ ಬೇಡವೇ ಬೇಡ. 2016ರಲ್ಲಿ ಹೈದರಾಬಾದಿನಲ್ಲಿ ಯುವಕನೊಬ್ಬ ಮನೆಯವರಿಗೆ ತಿಳಿಸದೆ ಈ ಚಿಕಿತ್ಸೆಗೆ ದಾಖಲಾದ. ಮಗ ಕಾಣೆಯಾದನೆಂದು ತಂದೆತಾಯಿ ಪೊಲೀಸರಿಗೆ ದೂರು ಕೊಟ್ಟು ಹುಡುಕಬೇಕಾಯಿತು.

ವಯಸ್ಸಾದಂತೆ ಮೂಳೆ ಕೂಡುವುದೂ ನಿಧಾನ. ಸಿಗರೇಟು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ನಿಧಾನ. ಮೂಳೆ ಉದ್ದವಾದಷ್ಟು ಸುಲಭವಾಗಿ ಸ್ನಾಯು, ನರಗಳು ಉದ್ದವಾಗುವುದಿಲ್ಲ. ಹಿಮ್ಮಡಿ ನೆಲಕ್ಕೆ ತಾಗದಂತೆ ಪಾದ ಸೆಟೆದುಕೊಳ್ಳಬಹುದು, ನರಕ್ಕೆ ಪೆಟ್ಟಾಗಬಹುದು, ಮೂಳೆ ಕೂಡದೆಯೇ ಹೋಗಬಹುದು. ಚೀನಾದ ಆರೋಗ್ಯ ಸಚಿವಾಲಯ 2006ರಲ್ಲಿ ಕೇವಲ ಎತ್ತರಕ್ಕಾಗಿ ಇದನ್ನು ಮಾಡಬಾರದೆಂದು ನಿಷೇಧಿಸಿತು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರಗಾಲಿನಲ್ಲಿ ಕೂತು ಬಹಿರ್ದೆಸೆ ತೀರಿಸುವ, ಬಲಿಪೂಜೆಯಲ್ಲಿ ಮೊಣಕಾಲೂರುವ ಜನ. ಇವು ಮತ್ತೆ ಸಾಧ್ಯವೇ ಎಂದು ವೈದ್ಯರನ್ನು ಒಂದೊಂದಾಗಿ ಕೇಳಿ. ಎತ್ತರ ಎಷ್ಟಾಗುತ್ತದೆ ಎಂಬ ಪ್ರಶ್ನೆ ಕಡೆಗಿರಲಿ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮನ್ನು ನೆಚ್ಚಿಕೊಂಡ ಸಂಸಾರವಿರುವಾಗ ಆರೋಗ್ಯವಾದ ಎರಡು ಕಾಲುಗಳನ್ನು ಇಂಥ ಅಪಾಯಕ್ಕೆ ಒಡ್ಡಲು ಎತ್ತರವೊಂದೇ ತಕ್ಕ ಕಾರಣವೆಂದು ನನಗೆ ತೋರುವುದಿಲ್ಲ. ಆ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಮನೋವೈದ್ಯರಿಗೆ ಕೊಟ್ಟು ಹಳೆಯ ಗಾಯವನ್ನು ಮೊದಲು ತೋರಿಸಿ. ಅದರಲ್ಲಿ ನಾಚಿಕೆಯೇನಿಲ್ಲ. ನಿಮ್ಮ ಮನಸ್ಸಾಕ್ಷಿ, ಎಲ್ಲವನ್ನೂ ತೂಗಿದ ಮೇಲೆ, ಬೇರೆ ತೀರ್ಮಾನಕ್ಕೆ ಬರಬಹುದು. ಆಗ ಒಂದು ವಿಷಯ ತಿಳಿದಿರಲಿ. ಗಂಭೀರ ಕಾಯಿಲೆಗಾಗಿ ಆಪರೇಷನ್ ಆಗುವವರಿಗೆ ಧರ್ಮಸಭೆ ಮುಂಚಿತವಾಗಿ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೊಡುತ್ತದೆ. ನೀವು ರೋಗಿಯಲ್ಲವಾದ್ದರಿಂದ ಅದನ್ನು ಕೇಳುವಂತಿಲ್ಲ. ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿ ಹೋಗಿ. ಆಮೇಲೆ ಮಂಚ ಬಿಟ್ಟೇಳಲಾಗದ ಭಾನುವಾರಗಳಲ್ಲಿ ನಿಮ್ಮ ಗುರುಗಳಿಗೆ ಹೇಳಿ ಕಳುಹಿಸಿ, ಅವರು ಪರಮಪ್ರಸಾದವನ್ನು ಮನೆಗೇ ತಂದುಕೊಡುತ್ತಾರೆ.