ಗೋದಲಿಗೆ ಮನೆಯೊಳಗೆ ಜಾಗ

ಡಿಸೆಂಬರ್ ಹುಟ್ಟಿದರೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಜಗಲಿಯ ಮಾಡಿಗೆ ನಕ್ಷತ್ರ ಏರುತ್ತದೆ, ಕಿಟಕಿಯ ಪರದೆ ಬದಲಾಗುತ್ತದೆ, ಚಾವಡಿಯ ಮೂಲೆಯಲ್ಲಿ ಗೋದಲಿ ಕಟ್ಟಲು ಬೈಹುಲ್ಲು ಬಂದು ಬೀಳುತ್ತದೆ. ಇಷ್ಟೆಲ್ಲ ಸಿಂಗಾರ ಯಾರ ಹುಟ್ಟಿಗಾಗಿಯೋ ಆ ಮಗುವಿಗೆ ಹುಟ್ಟಲು ಮನೆಯೇ ಇರಲಿಲ್ಲ. ಛತ್ರದಲ್ಲಿ ಜಾಗ ಸಿಗದೆ ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ದನ ಮೇಯುವ ಗೋದಲಿಯಲ್ಲಿ ಮಲಗಿಸಿದಳೆಂದು ಲೂಕನ ಸುವಾರ್ತೆ ಹೇಳುತ್ತದೆ. ಹಾಗಿರುವಾಗ ನಮ್ಮ ಮನೆಯನ್ನು ಬೆಚ್ಚಗೆ, ಅಂದವಾಗಿ ಮಾಡಿಕೊಳ್ಳುವುದು ಆ ಕಥೆಗೆ ತೋರುವ ಗೌರವವೋ ಅಥವಾ ಅದನ್ನು ಮರೆಯುವ ದಾರಿಯೋ? ಗೌರವವೆಂದೇ ನನ್ನ ನಿಲುವು. ಅದಕ್ಕೊಂದು ಷರತ್ತಿದೆ: ಸಿಂಗಾರ ಮನೆಯವರ ಸುಖದಲ್ಲೇ ಮುಗಿಯಬಾರದು, ಹೊರಗೆ ನಿಂತವರಿಗೂ ಅದು ಜಾಗ ಮಾಡಿಕೊಡಬೇಕು.

ಈ ಷರತ್ತು ನಾನು ಹೊಸದಾಗಿ ಹಾಕಿದ್ದಲ್ಲ, ಗೋದಲಿಯ ಇತಿಹಾಸದಲ್ಲೇ ಇದೆ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಒಂದು ಗೋದಲಿ ಸಿದ್ಧಪಡಿಸಿದ. ಆತನ ಮೊದಲ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ಆ ರಾತ್ರಿಯನ್ನು ವಿವರವಾಗಿ ವರ್ಣಿಸಿದ್ದಾನೆ. ಅಲ್ಲಿ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಮರಿಯಳ ಗೊಂಬೆಯಿಲ್ಲ, ಜೋಸೆಫನ ಗೊಂಬೆಯಿಲ್ಲ, ಹುಲ್ಲಿನ ಮೇಲೆ ಮಗುವೂ ಇಲ್ಲ. ಆ ಖಾಲಿ ಗೋದಲಿಯ ಬಳಿಯೇ ಬಲಿಪೂಜೆ ನಡೆಯಿತು. ಸುತ್ತಮುತ್ತಲಿನ ಜನ ಮೇಣದ ಬತ್ತಿ, ಪಂಜು ಹಿಡಿದು ಬೆಟ್ಟ ಹತ್ತಿ ಬಂದರು. ಎತ್ತು, ಕತ್ತೆಗಳ ಮಾತು ಸುವಾರ್ತೆಯಲ್ಲಿ ಎಲ್ಲೂ ಬರುವುದಿಲ್ಲ. ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಗುರುತಿಸುತ್ತದೆ ಎಂದು ಪ್ರವಾದಿ ಯೆಶಾಯ ಆಡಿದ ಮಾತಿನಿಂದ ಅವು ಈ ಕಥೆಯೊಳಗೆ ಬಂದವು. ಅದೇ ಥಾಮಸ್ ಇನ್ನೊಂದು ಕೃತಿಯಲ್ಲಿ ಹೇಳುವ ಸಂಗತಿ ನನಗೆ ಇನ್ನೂ ಮುಖ್ಯ. ಕ್ರಿಸ್‌ಮಸ್ ದಿನ ಉಳ್ಳವರು ಬಡವರಿಗೆ ಹೊಟ್ಟೆ ತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗಾಗಿ ದಾರಿಯುದ್ದಕ್ಕೂ ಕಾಳು ಚೆಲ್ಲುವಂತೆ ಚಕ್ರವರ್ತಿಯೇ ಕಾನೂನು ಮಾಡಬೇಕು ಎಂಬುದು ಫ್ರಾನ್ಸಿಸನ ಆಸೆಯಾಗಿತ್ತಂತೆ. ಗೋದಲಿ ಕಟ್ಟಿದ ಕೈ ಮತ್ತು ಕಾಳು ಚೆಲ್ಲಬಯಸಿದ ಕೈ ಒಂದೇ ಎಂಬುದನ್ನು ಮರೆತರೆ ಉಳಿಯುವುದು ಗೊಂಬೆಗಳು ಮಾತ್ರ.

ಹಬ್ಬದ ಸಿಂಗಾರವನ್ನೇ ಒಪ್ಪದವರು ಧರ್ಮದೊಳಗೇ ಇದ್ದರು, ಅವರ ಮಾತು ಹಗುರವಾದದ್ದಲ್ಲ. ಸುಮಾರು 1,800 ವರ್ಷಗಳ ಹಿಂದೆಯೇ ಕ್ರೈಸ್ತ ಲೇಖಕ ತೆರ್ತುಲಿಯನ್, ಅನ್ಯಧರ್ಮೀಯರಿಗಿಂತ ಕ್ರೈಸ್ತರ ಬಾಗಿಲುಗಳಲ್ಲೇ ದೀಪ, ತೋರಣಗಳು ಹೆಚ್ಚಾಗಿವೆಯೆಂದು ನೊಂದು ಬರೆದ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಣೆಯನ್ನೇ ನಿಷೇಧಿಸಿ, ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿದರು. ಆ ಕಾನೂನು 1681ರವರೆಗೆ ಇತ್ತು. ಬೈಬಲಿನಲ್ಲಿ ಇಲ್ಲದ್ದು, ಬೇರೆ ಪೂಜೆಗಳಿಂದ ಬಂದದ್ದು ದೇವರಿಗೆ ಸಲ್ಲದು ಎಂಬುದು ಅವರ ವಾದ. ಆದರೆ 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿನ ಮಿಷನರಿಗಳಿಗೆ ಬರೆದ ಪತ್ರ ಬೇರೆ ದಾರಿ ತೋರುತ್ತದೆ: ಹಳೆಯ ಗುಡಿಗಳನ್ನು ಕೆಡವಬೇಡಿ, ಅವುಗಳನ್ನೇ ಚರ್ಚುಗಳಾಗಿಸಿ, ಹಬ್ಬದ ದಿನ ಜನ ಅವುಗಳ ಸುತ್ತ ಕೊಂಬೆಗಳ ಚಪ್ಪರ ಹಾಕಿಕೊಂಡು ಸಂತೋಷಪಡಲಿ. ಹಸಿರು ಕೊಂಬೆ ಯಾವ ದೇವರ ಸ್ವತ್ತೂ ಅಲ್ಲ. ಅದನ್ನು ಕಟ್ಟುವವರ ಮನಸ್ಸು ಎತ್ತ ತಿರುಗಿದೆ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. ದೇವರು ಮನುಷ್ಯನ ಮೈಯನ್ನೇ ತೊಟ್ಟು ಬಂದನೆಂದು ನಂಬುವ ಧರ್ಮ ಹುಲ್ಲು, ಎಣ್ಣೆ, ಬತ್ತಿಗಳನ್ನು ಹೊಲೆಯೆಂದರೆ ತನ್ನ ನಂಬಿಕೆಗೇ ಎರವಾಗುತ್ತದೆ.

ಒಂದು ಸಣ್ಣ ಪದ್ಧತಿಯನ್ನು ಹತ್ತಿರದಿಂದ ನೋಡೋಣ. ಕರಾವಳಿಯ ಅನೇಕ ಮನೆಗಳಲ್ಲಿ ಹಬ್ಬಕ್ಕೆ ಕೆಲವು ದಿನ ಮುಂಚೆ ತೆಂಗಿನ ಗೆರಟೆಯಲ್ಲೋ ತಟ್ಟೆಯಲ್ಲೋ ಮಣ್ಣು ತುಂಬಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ದಿನವೂ ಕೈಯಲ್ಲಿ ನೀರು ಚಿಮುಕಿಸಬೇಕು. ಹೆಚ್ಚಾದರೆ ಕಾಳು ಕೊಳೆಯುತ್ತದೆ, ಮರೆತರೆ ಒಣಗುತ್ತದೆ. ಗೋದಲಿ ಕಟ್ಟುವ ಹೊತ್ತಿಗೆ ಬೆರಳುದ್ದ ಬೆಳೆದ ಆ ಹಸಿರು ಬೆತ್ಲೆಹೇಮಿನ ಗದ್ದೆಯಾಗುತ್ತದೆ. ಮಾಲ್ಟಾ ದ್ವೀಪದ ಜನ ಇದೇ ಕೆಲಸಕ್ಕೆ ಕಾಳುಗಳನ್ನು ಕತ್ತಲೆಯಲ್ಲಿ ಮೊಳೆಯಿಸಿ, ಬೆಳ್ಳಗಿನ ಎಳೆಗಳನ್ನು ಗೋದಲಿಯ ಸುತ್ತ ಇಡುತ್ತಾರೆ. ಈ ಮೊಳಕೆ ಹಬ್ಬದ ಹಿಂದಿನ ಸಂಜೆ ಬೇಕೆಂದರೆ ಬೆಳೆಯದು. ಆಗಮನ ಕಾಲದ ನಾಲ್ಕು ಭಾನುವಾರಗಳ ಕಾಯುವಿಕೆಯನ್ನು ಉಪದೇಶಕ್ಕಿಂತ ಚೆನ್ನಾಗಿ ಮಕ್ಕಳಿಗೆ ಕಲಿಸುವುದು ಅದೇ. 24ರ ರಾತ್ರಿಯವರೆಗೆ ಬಾಲಯೇಸುವಿನ ಜಾಗವನ್ನು ಖಾಲಿ ಬಿಡುವ ಮನೆಗಳಲ್ಲಂತೂ ಸಿಂಗಾರವೇ ಪ್ರಾರ್ಥನೆ. ಸೆಖೆಯ ಊರಿನ ಗೋದಲಿಗೆ ಹತ್ತಿಯ ಹಿಮ ಸುರಿಯುವುದು ಪಾಪವೇನಲ್ಲ, ಆದರೆ ಅನಗತ್ಯ. ಗ್ರೆಚ್ಚೊದ ಜನ ತಮ್ಮ ಊರಿನ ಹುಲ್ಲನ್ನೇ ತಂದಿದ್ದರು; ನಮ್ಮ ಬೈಹುಲ್ಲಿಗೂ ಆ ಯೋಗ್ಯತೆ ಇದೆ.

ಇನ್ನೊಂದು ಆಕ್ಷೇಪ ಹಣದ್ದು. ಉಣ್ಣಲಿಲ್ಲದವರಿರುವ ಬೀದಿಯಲ್ಲಿ ದೀಪದ ಸರಕ್ಕೆ ದುಡ್ಡು ಸುರಿಯುವುದು ಸರಿಯೇ? ಬಸವಣ್ಣನವರ ನಾಡಿನಲ್ಲಿ, ಸ್ಥಾವರದ ಆಡಂಬರವನ್ನು ಒರೆಗೆ ಹಚ್ಚಿದ ಜನರ ನಡುವೆ, ಈ ಪ್ರಶ್ನೆ ತಪ್ಪಿಸಿಕೊಳ್ಳುವಂಥದ್ದಲ್ಲ. ಸಾಲ ಮಾಡಿ, ನೆರೆಯವರ ಕಣ್ಣಿಗಾಗಿ ಮಾಡಿದ ಸಿಂಗಾರಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ಬಡವರ ಮನೆಯೂ ಹಬ್ಬಕ್ಕೆ ಸುಣ್ಣ ಬಳಿದುಕೊಳ್ಳುತ್ತದೆ. ಅಂದವನ್ನು ಸಿರಿವಂತರಿಗಷ್ಟೇ ಬಿಟ್ಟುಕೊಡುವುದು ಬಡವರಿಗೆ ಮಾಡುವ ಉಪಕಾರವಲ್ಲ. ಕರಾವಳಿಯ ಹಬ್ಬ ಈ ಪ್ರಶ್ನೆಗೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟಿದೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿಗಳ ಕುಸ್ವಾರ್ ತಟ್ಟೆ ಜಾತಿ, ಮತ ನೋಡದೆ ನೆರೆಮನೆಗಳಿಗೆ ಹೋಗುತ್ತದೆ. ನಕ್ಷತ್ರವೂ ಅಷ್ಟೇ, ತೂಗುವುದು ಬೀದಿಗೆ ಕಾಣುವಂತೆ, ಮನೆಯ ಹೊರಗೆ.

ದಣಿದು ಬಂದವರಿಗೆ ಬೆಚ್ಚನೆಯ ಮನೆಯೊಂದೇ ಸಾಕು, ಅದಕ್ಕೂ ಧರ್ಮದ ಲೆಕ್ಕ ಯಾಕೆ ಎಂದು ಕೇಳಬಹುದು. ಆ ಬೆಚ್ಚನೆ ಒಳ್ಳೆಯದೇ, ದಣಿದವರಿಗೆ ಅದು ಸಲ್ಲಬೇಕು. ಆದರೆ ಬಾಗಿಲು ಹಾಕಿಕೊಂಡು ಬೆಚ್ಚಗಿದ್ದ ಛತ್ರವೂ ಈ ಕಥೆಯಲ್ಲಿದೆ. ಹಬ್ಬದ ಮನೆ ಆ ಛತ್ರವಾಗಬಾರದು. ಗೋದಲಿ ಕಟ್ಟುವವರಲ್ಲಿ ನನ್ನದೊಂದು ಕೋರಿಕೆ. ಈ ಸಲ ಕುಸ್ವಾರ್ ತಟ್ಟೆಗಳನ್ನು ಎಣಿಸುವಾಗ, ಪಕ್ಕದ ಕಟ್ಟಡ ಕಾಯುವವರಿಗೂ ಹಬ್ಬಕ್ಕೆ ಊರಿಗೆ ಹೋಗಲಾಗದ ಕೂಲಿಯವರಿಗೂ ಒಂದೊಂದು ತಟ್ಟೆ ಮೊದಲೇ ತೆಗೆದಿಡಿ.