ದಾರಿ ಹೇಳುವ ಪೆಟ್ಟಿಗೆ

ಕಾರು ಓಡಿಸುವವರಿಗೆ ದಾರಿ ಹೇಳುವ ಪುಟ್ಟ ಪೆಟ್ಟಿಗೆಯೊಂದನ್ನು ನಾನು ೨೦೧೨ರಲ್ಲಿ ಕೊಂಡೆ. ಈಗ ಆ ವಿದ್ಯೆಯೆಲ್ಲ ಕೈಫೋನಿನ ಹೊಟ್ಟೆಯೊಳಗೆ ಸೇರಿಹೋಗಿ, ಅಂಥದನ್ನು ಪ್ರತ್ಯೇಕವಾಗಿ ಕೊಳ್ಳುವವರೇ ಅಪರೂಪ. ನನ್ನದು ಮೇಜಿನ ಡ್ರಾಯರಿನಲ್ಲಿ ಬರೆಯದ ಪೆನ್ನುಗಳ ಜೊತೆಗೆ ಮಲಗಿದೆ. ಆದರೆ ಅದನ್ನು ಕೊಂಡ ಕಾಲಕ್ಕೆ ಎದ್ದ ಒಂದು ಪ್ರಶ್ನೆ ಇನ್ನೂ ಮಲಗಿಲ್ಲ. ಅದನ್ನು ವಾಚಕರ ಮುಂದಿಟ್ಟು ನೋಡೋಣವೆಂದು ಈ ಬರಹ.

ಕೊಂಡ ಕಾರಣವನ್ನು ಮೊದಲು ಹೇಳಬೇಕು; ಅದು ನನಗೆ ಹೆಮ್ಮೆ ತರುವಂಥದಲ್ಲ. ನಮ್ಮ ಊರು ಕೊಪ್ಪದ ಹತ್ತಿರ. ಬೆಂಗಳೂರಿನಿಂದ ಹೊರಟಾಗಲೆಲ್ಲ ನಮ್ಮ ತಂದೆಯವರು ನನ್ನ ಪಕ್ಕದಲ್ಲಿ ಕುಳಿತು ದಾರಿ ಹೇಳುವುದು ರೂಢಿ. ಆ ವರ್ಷದ ಬೇಸಗೆ ರಜೆಯಲ್ಲಿ ಹೀಗೆಯೇ ಹೋಗುತ್ತಿದ್ದಾಗ ಬಾಳೆಹೊನ್ನೂರು ದಾಟುವ ಹೊತ್ತಿಗೆ ಕತ್ತಲಾಯಿತು, ಮಳೆಯೂ ಹಿಡಿಯಿತು. "ಇಲ್ಲೇ ಎಡಕ್ಕೆ" ಎಂದರು. ತಿರುಗಿಸಿದೆ. ಎರಡು ಮೈಲಿ ಹೋದಮೇಲೆ ಒಂದು ಕಾಫಿತೋಟದ ಗೇಟು ಅಡ್ಡ ಬಂತು. ಗೇಟಿನ ಹಿಂದೆ ಎರಡು ನಾಯಿ. ಹಿಂದಿನ ಸೀಟಿನಲ್ಲಿ ಮಗು ಅಳುವುದಕ್ಕೆ ಶುರುಮಾಡಿತು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಾರದೇ ಅಪ್ಪಯ್ಯ?" ಎಂದುಬಿಟ್ಟೆ. ಅವರು ಊರು ಮುಟ್ಟುವವರೆಗೆ ಮಾತಾಡಲಿಲ್ಲ. ಅವರಿಗೆ ಆಗ ಎಪ್ಪತ್ತನಾಲ್ಕು. ಮರೆವು ಅಲ್ಲೊಮ್ಮೆ ಇಲ್ಲೊಮ್ಮೆ ಇಣುಕಿ ನೋಡಲು ತೊಡಗಿತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಮತ್ತೊಮ್ಮೆ ಅಂಥ ಮಾತಿಗೆ ಅವಕಾಶ ಬಾರದಿರಲೆಂದು ಪೆಟ್ಟಿಗೆ. ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ ನಾಲ್ಕು ಬಗೆಯವನ್ನು ಸಾಲಾಗಿ ಇಟ್ಟ. ಒಂದರಲ್ಲಿ ಸಿನಿಮಾ ನೋಡಬಹುದಂತೆ. ಇನ್ನೊಂದು ಫೋನಿನ ಕರೆಯನ್ನೂ ಎತ್ತುವುದಂತೆ. ಕಾರು ಓಡಿಸುವವನು ಸಿನಿಮಾ ನೋಡುವುದು ಯಾವಾಗ ಎಂದು ಕೇಳಿದ್ದಕ್ಕೆ ಆತ ನಕ್ಕ. ನನಗೆ ಬೇಕಾದದ್ದು ಇಷ್ಟೆ: ನಕ್ಷೆ ಪೆಟ್ಟಿಗೆಯೊಳಗೇ ಇರಬೇಕು, ಏಕೆಂದರೆ ಮಲೆನಾಡಿನಲ್ಲಿ ಫೋನಿನ ಸಿಗ್ನಲನ್ನು ನಂಬಿ ಕೂಡುವಂತಿಲ್ಲ, ಅಕ್ಷರ ದೊಡ್ಡದಿರಬೇಕು, ಗಾಜಿಗೆ ಗಟ್ಟಿಯಾಗಿ ಅಂಟಬೇಕು, ಬೇಡವೆಂದಾಗ ಒಂದೇ ಬೆರಳಿನಲ್ಲಿ ಅದರ ಬಾಯಿ ಮುಚ್ಚಿಸುವಂತಿರಬೇಕು. ಎಲ್ಲಕ್ಕಿಂತ ಅಗ್ಗದ್ದೇ ಈ ನಾಲ್ಕನ್ನೂ ಮಾಡುತ್ತಿತ್ತು. ಅಂಗಡಿಯಲ್ಲೇ ನಮ್ಮ ಊರಿನ ದಾರಿ ಕೇಳಿ ನೋಡಿದೆ. 'ಕೊಪ್ಪ' ಎಂದೊಡನೆ ಅದು ಮೂರು ಕೊಪ್ಪಗಳನ್ನು ಮುಂದೆ ಹಿಡಿಯಿತು: ಮದ್ದೂರು ತಾಲ್ಲೂಕಿನದು, ಪಿರಿಯಾಪಟ್ಟಣ ತಾಲ್ಲೂಕಿನದು, ನಮ್ಮದು. ಕನ್ನಡದ ಊರುಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಬೇಕಾದ ಕಷ್ಟ ಬೇರೆ. ತೀರ್ಥಹಳ್ಳಿಯಲ್ಲಿ 'ಹೆಚ್' ಎಷ್ಟು ಎಂಬುದನ್ನು ಕನ್ನಡ ಎಂ.ಎ. ಹೇಳಿಕೊಡುವುದಿಲ್ಲ.

ಮನೆಗೆ ತಂದಾಗ ನನ್ನ ಹೆಂಡತಿ ಅದನ್ನು ತಿರುಗಿಸಿ ನೋಡಿ, "ಮಾವನ ಬಾಯಿ ಮುಚ್ಚಿಸೋದಕ್ಕೆ ಎಷ್ಟು ಸಾವಿರ ಕೊಟ್ಟಿರಿ?" ಎಂದಳು. ಅವಳ ಮಾತು ತಪ್ಪೆಂದು ಆ ದಿನ ಸಂಜೆಯವರೆಗೂ ವಾದಿಸಿದೆ.

ತಂದೆಯವರಿಗೆ ಮಾತ್ರ ಕುತೂಹಲ. ಇದಕ್ಕೆ ದಾರಿ ಹೇಗೆ ಗೊತ್ತು ಎಂದು ಕೇಳಿದರು. ಆಕಾಶದಿಂದ ಯಾರೋ ನಮ್ಮ ಕಾರನ್ನು ನೋಡುತ್ತಿದ್ದಾರೆಂದು ಹಲವರು ತಿಳಿದಿದ್ದಾರೆ. ನಿಜಸ್ಥಿತಿ ಬೇರೆ. ಇಪ್ಪತ್ತು ಸಾವಿರ ಕಿಲೋಮೀಟರು ಮೇಲೆ ಸುತ್ತುವ ಆ ಉಪಗ್ರಹಗಳಿಗೆ ನಾವು ಇದ್ದೇವೆಂಬುದೇ ತಿಳಿಯದು. ಗಂಟೆ ಎಷ್ಟಾಯಿತು, ತಾನೆಲ್ಲಿದ್ದೇನೆ ಎಂಬೆರಡನ್ನು ಅವು ಬಿಡದೆ ಸಾರುತ್ತಿರುತ್ತವೆ. ತಮ್ಮ ಸಂಗಾತಿಗಳ ಸಂಚಾರದ ವಿವರವನ್ನೂ ಕಳುಹಿಸುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ಆಲ್ಮನಾಕ್ ಎಂದೇ ಹೆಸರು. "ಪಂಚಾಂಗ ಅನ್ನು" ಎಂದರು ತಂದೆಯವರು, ತುಸು ಸಮಾಧಾನದಿಂದ. ಸಾರಿದ ಹೊತ್ತಿಗೂ ತನಗೆ ಕೇಳಿಸಿದ ಹೊತ್ತಿಗೂ ಇರುವ ಅಂತರದಿಂದ ಪೆಟ್ಟಿಗೆ ದೂರವನ್ನು ಎಣಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ ಮುನ್ನೂರು ಮೀಟರು ತಪ್ಪಿದಂತೆ. ಐನ್‌ಸ್ಟೈನರ ಸಿದ್ಧಾಂತ ಹೇಳುವಂತೆ, ಮೇಲಿನ ಗಡಿಯಾರ ದಿನಕ್ಕೆ ಅಂಥ ಮೂವತ್ತೆಂಟು ಭಾಗಗಳಷ್ಟು ಮುಂದೆ ಓಡುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಸ್ಥಳ ಗೊತ್ತುಮಾಡಲು ಮೂರು ಉಪಗ್ರಹ ಸಾಕೆನ್ನಿಸಿದರೂ ನಾಲ್ಕು ಬೇಕು. ನಾಲ್ಕನೆಯದು ಪೆಟ್ಟಿಗೆಯ ಸ್ವಂತ ಗಡಿಯಾರದ ತಪ್ಪನ್ನು ಕಳೆಯುವುದಕ್ಕೆ. ತನ್ನ ಗಡಿಯಾರ ಸರಿಯಿಲ್ಲವೆಂದು ಒಪ್ಪಿಕೊಂಡೇ ಲೆಕ್ಕ ಆರಂಭಿಸುವ ಈ ವಿನಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಆದರೆ ಇಷ್ಟರಿಂದ ತಿಳಿಯುವುದು ನಾವೆಲ್ಲಿದ್ದೇವೆಂಬುದು ಮಾತ್ರ. ಎತ್ತ ಹೋಗಬೇಕೆಂಬುದು ನಕ್ಷೆಯ ಮಾತು. ಆ ನಕ್ಷೆಗೆ ಯಾರೋ ಮನುಷ್ಯರು ರಸ್ತೆ ರಸ್ತೆ ತಿರುಗಿ ಗುರುತು ಹಾಕಿದ್ದಾರೆ. ಉಪಗ್ರಹಗಳು ಅಮೆರಿಕದವು; ೨೦೦೦ದ ಮೇ ತಿಂಗಳವರೆಗೆ ಆ ಸರ್ಕಾರ ಸಾರ್ವಜನಿಕರ ಸಂಕೇತವನ್ನು ಬೇಕೆಂದೇ ಮಬ್ಬುಮಾಡಿಟ್ಟಿತ್ತು. ನಮ್ಮ ಇಸ್ರೋ ೨೦೧೩ರಿಂದ ೨೦೧೬ರವರೆಗೆ ಏಳು ಉಪಗ್ರಹಗಳನ್ನು ಹಾರಿಸಿ ನಾವಿಕ್ ಎಂಬ ನಮ್ಮದೇ ವ್ಯವಸ್ಥೆಯನ್ನು ಕಟ್ಟಿತು. ಅಂತೂ ಯಾರನ್ನೂ ಕೇಳದೆ ಹೋಗುತ್ತೇನೆನ್ನುವವನು ಸಾವಿರಾರು ಜನರನ್ನು ಕೇಳಿಕೊಂಡೇ ಹೋಗುತ್ತಿರುತ್ತಾನೆ. ಅವರ ಮುಖ ನೋಡಬೇಕಾಗಿಲ್ಲ, ಉಪಕಾರವಾಯಿತೆಂದು ಹೇಳಬೇಕಾಗಿಲ್ಲ; ನಮಗೆ ಅನುಕೂಲವಾಗಿ ಕಂಡದ್ದು ಬಹುಶಃ ಇದೇ.

ಅಕ್ಟೋಬರಿನಲ್ಲಿ ದಸರಾ ರಜೆಗೆ ಮತ್ತೆ ಊರಿಗೆ ಹೊರಟೆವು. ನೆಲಮಂಗಲದಲ್ಲಿ ದಾರಿ ಕವಲೊಡೆಯುತ್ತದೆಯಷ್ಟೆ. ಎಡಕ್ಕೆ ಹಾಸನ, ನೇರ ಹೋದರೆ ತುಮಕೂರು. ಪೆಟ್ಟಿಗೆಯ ಹೆಂಗಸು ಎಡಕ್ಕೆಂದಳು. ಅದೇ ಗಳಿಗೆಯಲ್ಲಿ ತಂದೆಯವರು "ನೇರ ಹೋಗು" ಎಂದರು. ಹೇಳಿದವರೇ ಒಮ್ಮೆ ಅದರ ಕಡೆ ನೋಡಿ, "ಅದು ಹೇಳಿದ ಹಾಗೆ ಹೋಗು ಮಾರಾಯ" ಎಂದು ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಎಡಕ್ಕೆ ಹೋದೆ. ರಸ್ತೆ ಚೆನ್ನಾಗಿತ್ತು. ಎಂದಿಗಿಂತ ಒಂದು ಗಂಟೆ ಮೊದಲೇ ಮುಟ್ಟಿದೆವು. ದಾರಿಯುದ್ದಕ್ಕೂ ಯಾರೂ ಯಾರ ಮೇಲೂ ರೇಗಲಿಲ್ಲ. ತಂದೆಯವರು ಕುಣಿಗಲಿನಿಂದಾಚೆಗೆ ನಿದ್ದೆಮಾಡಿದರು, ಅಥವಾ ಕಣ್ಣು ಮುಚ್ಚಿದ್ದರು.

ತುಮಕೂರಿನ ದಾರಿಯಲ್ಲಾದರೆ ಅವರು ನಿದ್ದೆಮಾಡಿದ್ದೇ ಇಲ್ಲ. ತಿಪಟೂರಿನಲ್ಲಿ ೧೯೬೪ರಿಂದ ಮೂರು ವರ್ಷ ಮೇಷ್ಟರಾಗಿದ್ದವರು. ಅರಸೀಕೆರೆಯ ಜಂಕ್ಷನ್ನಿನಲ್ಲಿ ಮದುವೆಯ ದಿಬ್ಬಣ ರೈಲು ತಪ್ಪಿಸಿಕೊಂಡು ರಾತ್ರಿಯಿಡೀ ಕುಳಿತದ್ದು, ಬಾಣಾವರದಲ್ಲಿ ಯಾರದೋ ಮನೆಯ ಊಟ, ಇವೆಲ್ಲ ನಾವು ನೂರು ಸಲ ಕೇಳಿದ ಕಥೆಗಳು. ಲಂಡನ್ನಿನ ಟ್ಯಾಕ್ಸಿ ಓಡಿಸುವವರು ಸುಮಾರು ಇಪ್ಪತ್ತೈದು ಸಾವಿರ ಬೀದಿಗಳನ್ನು ಬಾಯಿಪಾಠ ಮಾಡಿದಮೇಲೆ ಪರವಾನಗಿ ಪಡೆಯುತ್ತಾರೆ. ಅವರ ಮಿದುಳಿನಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಭಾಗವೊಂದು ಇತರರಿಗಿಂತ ದೊಡ್ಡದೆಂದು ಎಲೀನರ್ ಮಗ್ವಾಯರ್ ಎಂಬಾಕೆ ಮತ್ತು ಸಂಗಡಿಗರು ೨೦೦೦ದಲ್ಲಿ ತೋರಿಸಿದರು. ತಂದೆಯವರ ಮಿದುಳನ್ನು ಯಾರೂ ಅಳೆದಿಲ್ಲ. ಆದರೆ ಅವರಿಗೆ ಗೊತ್ತಿದ್ದ ದಾರಿ ಅವರ ಆಯುಸ್ಸಿನಿಂದ ಬೇರೆಯಾಗಿ ಇರಲಿಲ್ಲ. ನಾನು ಬಿಟ್ಟು ಬಂದದ್ದು ತುಮಕೂರು ರಸ್ತೆಯೊಂದನ್ನೇ ಅಲ್ಲವೆಂದು ರಾತ್ರಿ ಮಲಗಿದಾಗ ಹೊಳೆಯಿತು.

ಹಿಂತಿರುಗುವ ದಿನ ಪೆಟ್ಟಿಗೆಯ ಬಾಯಿ ಮುಚ್ಚಿಸಿದೆ. ಚಿಕ್ಕಮಗಳೂರಿನಲ್ಲಿ, "ಯಾವ ಕಡೆ ಅಪ್ಪಯ್ಯ?" ಎಂದೆ. ಅವರು ನನ್ನನ್ನು ನೋಡಿ, "ಯಾಕೆ, ಅದು ಕೆಟ್ಟಿತೋ?" ಎಂದರು. ನನಗೆ ಉತ್ತರ ತೋಚಲಿಲ್ಲ. ಪ್ರಶ್ನೆ ಎದ್ದದ್ದು ಇಲ್ಲಿ.

ದಾರಿ ಕೇಳುವುದರಲ್ಲಿ ಹೇಳುವವನಿಗೆ ಒಂದು ಗೌರವವಿದೆ. ಕೇಳುವವನಿಗೆ ನಿಜವಾಗಿ ಗೊತ್ತಿಲ್ಲದಿರುವುದರಿಂದ ಆ ಗೌರವ ಹುಟ್ಟುತ್ತದೆ. ಗೊತ್ತಿದ್ದೂ ಕೇಳಿದರೆ ಅದು ಪರೀಕ್ಷೆಯಾಗುತ್ತದೆ, ಇಲ್ಲವೇ ಕರುಣೆಯಾಗುತ್ತದೆ. ದಿನವೂ ತರಗತಿಯಲ್ಲಿ ಮೊದಲನೆಯದನ್ನು ಮಾಡುವವನು ನಾನು. ಮೇಷ್ಟರಾಗಿದ್ದ ಅವರಿಗೆ ಅದರ ಗುರುತು ಹತ್ತದಿರುತ್ತದೆಯೇ? ಎರಡನೆಯದು ಅದಕ್ಕಿಂತ ಕಷ್ಟ. ಮಗುವಿನ ಕೈಯಿಂದ ಬೇಕೆಂದೇ ಸೋಲುತ್ತೇವಲ್ಲ, ಹಾಗೆ ತಂದೆಯ ಮುಂದೆ ಸೋತಂತೆ ನಟಿಸುವುದು ಮರ್ಯಾದೆಯೋ ಅವಮಾನವೋ? ಪೆಟ್ಟಿಗೆ ಅವರಿಂದ ಕಿತ್ತುಕೊಂಡದ್ದು ಹೇಳುವ ಕೆಲಸವೆಂದು ನಾನು ತಿಳಿದಿದ್ದೆ. ಪ್ರಾಮಾಣಿಕವಾಗಿ ಕೇಳುವ ಯೋಗ್ಯತೆಯನ್ನು ಅದು ನನ್ನಿಂದಲೂ ಕಿತ್ತುಕೊಂಡಿತ್ತು. ಬಾಯಿ ಮುಚ್ಚಿಸಬಹುದು, ಆದರೆ ಅದರ ಪರದೆಯ ಮೇಲಿನ ನೀಲಿ ಗೆರೆಯನ್ನು ಕಂಡ ಕಣ್ಣು ಕಾಣಲಿಲ್ಲವೆನ್ನುವುದು ಹೇಗೆ?

"ಕೆಟ್ಟಿಲ್ಲ. ನಿಮ್ಮ ದಾರಿಯಲ್ಲಿ ಹೋಗೋಣ ಅನ್ನಿಸಿತು" ಎಂದೆ. ಅದು ನಿಜವಾಗಿತ್ತು. ಕಡೂರು, ಬಾಣಾವರ, ಅರಸೀಕೆರೆ ಎಲ್ಲ ಕಥೆಗಳೂ ಆದವು. ಬೆಂಗಳೂರಿಗೆ ಮುಟ್ಟುವುದು ರಾತ್ರಿಯಾಗುವುದೆಂದು ಹೆಂಡತಿ ಎರಡು ಸಲ ಗಡಿಯಾರ ನೋಡಿದಳು. ತಿಪಟೂರು ಸಮೀಪಿಸಿದಾಗ ಒಂದು ಕೂಡುರಸ್ತೆಯಲ್ಲಿ ಅವರು "ಬಲಕ್ಕೆ" ಎಂದರು. ನೀಲಿ ಗೆರೆ ಎಡಕ್ಕಿತ್ತು. ಬಲಕ್ಕೆ ತಿರುಗಿ ಸುಮ್ಮನೆ ಸುತ್ತಿಬಂದರೆ ಹೋಗುವುದೇನು, ಅರ್ಧಗಂಟೆ ತಾನೆ ಎಂದುಕೊಂಡು ಚಕ್ರವನ್ನು ಸ್ವಲ್ಪ ತಿರುಗಿಸಿಯೂ ಇದ್ದೆ. ಕಾಫಿತೋಟದ ಗೇಟು ನೆನಪಾಯಿತು. ಅಂದು ರೇಗಿ ಹೇಳಿದ್ದನ್ನು ಇಂದು ರೇಗದೆ ಹೇಳಲಾರೆನೇ? ಕಾರನ್ನು ಪಕ್ಕಕ್ಕೆ ನಿಲ್ಲಿಸಿ, "ಅಪ್ಪಯ್ಯ, ಇದು ಎಡಕ್ಕೆ ಅನ್ನುತ್ತಿದೆ. ನೀವೇ ಒಂದು ಸಲ ನೋಡಿ" ಎಂದು ಪೆಟ್ಟಿಗೆಯನ್ನು ಗಾಜಿನಿಂದ ಬಿಡಿಸಿ ಅವರ ಕೈಯಲ್ಲಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿನಿಂದ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗಿಬಂದರು. "ಹೌದು, ಇದೇ ಸರಿ. ಬಲಗಡೆಯದು ನಮ್ಮ ಸ್ಕೂಲಿನ ದಾರಿ. ಕಾಲು ಅತ್ತಲೇ ಎಳೆಯಿತು ನೋಡು" ಎಂದು ನಕ್ಕರು. ನಾನು ಕಾರು ಶುರುಮಾಡಿದರೂ ಪೆಟ್ಟಿಗೆಯನ್ನು ಹಿಂದಕ್ಕೆ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, "ಆ ಸ್ಕೂಲಿನ ಮುಂದೆ ಒಂದು ಬಾವಿ ಇತ್ತಲ್ಲೋ, ಸಿಹಿನೀರಿನದು, ಅದನ್ನು ಇದರಲ್ಲಿ ಯಾಕೆ ಹಾಕಿಲ್ಲ?" ಎಂದು ಕೇಳಿದರು.